ಮಲೇರಿಯಾ ಪಾಸಿಟಿವ್, ಪ್ಲೇಟ್‌ಲೆಟ್ 38 ಸಾವಿರ. ರಕ್ತ ಹೊಂದಿಸಲೇಬೇಕಾ?

ಬಾದಾಮಿ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಬಾದಾಮಿ ಹತ್ತಿರದ ಹಳ್ಳಿ. ಮಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ನಾನು ಸೂಪರ್‌ವೈಸರ್. ನನ್ನ ತಮ್ಮನೂ ಇಲ್ಲೇ ಕಬ್ಬಿಣ ಕಟ್ಟುವ ಕೆಲಸ ಮಾಡುತ್ತಾನೆ, ವಯಸ್ಸು 24. ಐದು ದಿನದಿಂದ ಜ್ವರ. ಸಂಜೆಯಾದರೆ ಮೈ ನಡುಗುತ್ತದೆ, ಎರಡು ರಗ್ಗು ಹೊದಿಸಿದರೂ ಸಾಲದು. ಆಮೇಲೆ ಬೆವರು ಕಿತ್ತುಕೊಂಡು ಬರುತ್ತದೆ.

ಮೊನ್ನೆ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯಿತು. ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ ಅಂತ ಬಂತು. ಹಿಮೋಗ್ಲೋಬಿನ್ 12.1, ಬಿಳಿ ಕಣ 4,800, ರಕ್ತ ಹೆಪ್ಪುಗಟ್ಟಿಸುವ ಕಣ ಅಂತಾರಲ್ಲ, ಆ ಪ್ಲೇಟ್‌ಲೆಟ್ 42,000. ಕ್ಲೋರೋಕ್ವಿನ್ ಶುರು ಮಾಡಿದರು. ಡೆಂಗಿಗೆ ಮಾಡುವ ಎನ್‌ಎಸ್1 ಟೆಸ್ಟ್ ನೆಗೆಟಿವ್. ನಿನ್ನೆ ರಾತ್ರಿ ಸುಸ್ತು ಜಾಸ್ತಿಯಾಯಿತು ಅಂತ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿ ಮತ್ತೆ ಎಣಿಸಿದಾಗ 38,000. "ಇಳಿಯುತ್ತಾ ಇದೆ, ಅಡ್ಮಿಟ್ ಮಾಡಿ, ಪ್ಲೇಟ್‌ಲೆಟ್‌ಗೆ ಡೋನರ್ ಹೊಂದಿಸಿ" ಅಂದರು. ಊರಿಂದ ಅವ್ವ ಫೋನ್ ಮಾಡಿ ಅಳುತ್ತಿದ್ದಾಳೆ. ಮಾವ ಹೇಳುತ್ತಾನೆ, ಪ್ಲೇಟ್‌ಲೆಟ್ ಇಳಿಯುವುದು ಡೆಂಗಿಯಲ್ಲಿ ಮಾತ್ರ, ಡಾಕ್ಟರಿಗೆ ಗೊತ್ತಾಗಿಲ್ಲ ಅಂತ.

ನನ್ನ ಪ್ರಶ್ನೆ ಇಷ್ಟೇ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದಾ? ಮಾತ್ರೆ ಶುರು ಮಾಡಿದ ಮೇಲೂ ಯಾಕೆ ಇಳಿಯಿತು? ರಕ್ತ ಹೊಂದಿಸಬೇಕಾ?

ಹಸಿರು ಮನೆ:

ಪಪ್ಪಾಯಿ ಎಲೆ ರಸ, ದಿನಕ್ಕೆ ಎರಡು ಸಲ ಎರಡೆರಡು ಚಮಚ. ಕಿವಿ ಹಣ್ಣೂ ಕೊಡಿ. ಮಲೇರಿಯಾ ಬಂದಾಗ ನಮ್ಮ ಅತ್ತೆಗೆ ಇದರಿಂದಲೇ ಏರಿದ್ದು.

ಸ್ಲೈಡ್ ಅಕ್ಕ:

ತಮ್ಮಾ, ಮೊದಲು ಅಮ್ಮನಿಗೆ ಫೋನ್ ಮಾಡಿ ಸಮಾಧಾನ ಹೇಳು. ಮಲೇರಿಯಾದಲ್ಲಿ ಪ್ಲೇಟ್‌ಲೆಟ್ ಇಳಿಯುವುದು ತೀರಾ ಮಾಮೂಲು. ಇಳಿಯದೇ ಇರುವವರೇ ಕಡಿಮೆ.

ನಾನು ಮಂಗಳೂರಿನಲ್ಲೇ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು, ಈಗ ನಿವೃತ್ತಿ. ತೊಂಬತ್ತರ ದಶಕದಲ್ಲಿ ಇಲ್ಲಿ ಕಟ್ಟಡಗಳು ಏಳಲು ಶುರುವಾದಾಗ ಮಲೇರಿಯಾವೂ ಎದ್ದಿತು. ಮಳೆಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಸಾಲು. ಹೆಚ್ಚಿನವರು ನಿಮ್ಮ ಕಡೆಯವರೇ. ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರು. ಆಗ ನಮಗೊಂದು ಅಭ್ಯಾಸ ಬಿದ್ದುಬಿಟ್ಟಿತ್ತು. ಡಾಕ್ಟರು ಬರೀ "ರಕ್ತಕಣ ಎಣಿಕೆ" ಅಂತ ಬರೆದು ಕಳಿಸಿರುತ್ತಾರೆ. ಮಷಿನ್‌ನಲ್ಲಿ ಪ್ಲೇಟ್‌ಲೆಟ್ ಲಕ್ಷಕ್ಕಿಂತ ಕೆಳಗೆ ಬರುತ್ತದೆ. ಯಾರೂ ಕೇಳದಿದ್ದರೂ ನಾವು ಸ್ಲೈಡ್ ಮಾಡಿ, ಅಂದರೆ ಗಾಜಿನ ಮೇಲೆ ರಕ್ತ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಮಲೇರಿಯಾ ಹುಡುಕುತ್ತಿದ್ದೆವು. ಎಷ್ಟೋ ಸಲ ಸಿಗುತ್ತಿತ್ತು ಕೂಡ. ಅಂದರೆ ಮಂಗಳೂರಿನಂಥ ಊರಲ್ಲಿ ಜ್ವರದ ಜೊತೆ ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಮಲೇರಿಯಾ ಹುಡುಕಬೇಕು ಅಂತ ಅದೇ ಕೈ ತೋರಿಸುತ್ತದೆ. ನಿನ್ನ ಮಾವ ಹೇಳುವುದಕ್ಕೆ ಪೂರ್ತಿ ತಿರುವು, ಅಲ್ವಾ?

ಇನ್ನು ಯಾಕೆ ಇಳಿಯುತ್ತದೆ ಅಂತ. ಮಲೇರಿಯಾದಲ್ಲಿ ಸ್ಪ್ಲೀನ್ ಊದಿಕೊಳ್ಳುತ್ತದೆ. ಗುಲ್ಮ ಅಂತ ಹಳಬರು ಹೇಳುತ್ತಾರಲ್ಲ, ಎಡಗಡೆ ಪಕ್ಕೆಲುಬಿನ ಕೆಳಗಿರುವುದು. ಅದು ರಕ್ತವನ್ನು ಸೋಸುವ ಜರಡಿ. ಆರಾಮಾಗಿದ್ದಾಗಲೂ ನಮ್ಮ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಲ್ಲೇ ಇರುತ್ತದೆ. ಊದಿಕೊಂಡಾಗ ಇನ್ನೂ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಅವು ದೇಹದಲ್ಲೇ ಇವೆ, ಆದರೆ ತೋಳಿಂದ ತೆಗೆದ ರಕ್ತದಲ್ಲಿ ಕಾಣುವುದಿಲ್ಲ. ಇನ್ನೊಂದು ಕಾರಣ, ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ, ಹಾಗೆ ಗುರುತು ಬಿದ್ದ ಪ್ಲೇಟ್‌ಲೆಟ್‌ಗಳನ್ನು ದೇಹವೇ ನುಂಗಿಹಾಕುತ್ತದೆ. ಮಾಮೂಲಿಗೆ ವಾರ, ಹತ್ತು ದಿನ ಬಾಳುವ ಪ್ಲೇಟ್‌ಲೆಟ್ ಆಗ ಎರಡು ಮೂರು ದಿನಕ್ಕೇ ಮುಗಿಯುತ್ತದೆ.

ಆದರೆ ಮೂಳೆಯ ಮಜ್ಜೆ ಸುಮ್ನೆ ಕೂತಿರುವುದಿಲ್ಲ. ಹೊಸದನ್ನು ತಯಾರು ಮಾಡುತ್ತಲೇ ಇರುತ್ತದೆ. ಸ್ಲೈಡಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಪ್ಲೇಟ್‌ಲೆಟ್ ಲೆಕ್ಕದಲ್ಲಿ ಕಡಿಮೆ, ಆದರೆ ದೊಡ್ಡ ದೊಡ್ಡವು. ದೊಡ್ಡವು ಅಂದರೆ ಹೊಸವು, ಗಟ್ಟಿಯಾಗಿ ಕೆಲಸ ಮಾಡುವಂಥವು. ನಿನ್ನ ರಿಪೋರ್ಟಿನಲ್ಲಿ ಎಂಪಿವಿ ಅಂತ ಒಂದು ಸಾಲು ಇರಬಹುದು ನೋಡು, ಅದು ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ. ಮಲೇರಿಯಾದಲ್ಲಿ ಅದು ಸಾಮಾನ್ಯವಾಗಿ ಏರಿರುತ್ತದೆ. 40 ಸಾವಿರ ಇದ್ದರೂ ಮಲೇರಿಯಾ ರೋಗಿಗೆ ಮೂಗಿನಲ್ಲಿ ವಸಡಿನಲ್ಲಿ ರಕ್ತ ಬರುವುದು ಅಪರೂಪ. ಅದಕ್ಕೆ ಇದೂ ಒಂದು ಕಾರಣ ಅಂತ ಹೇಳುತ್ತಾರೆ.

42 ಇದ್ದದ್ದು 38 ಆಯಿತು ಅಂತ ಹೆದರಿದ್ದೀಯಲ್ಲ. ಮಾರಾಯ, ಎರಡು ಲ್ಯಾಬ್, ಎರಡು ಮಷಿನ್. ಒಂದೇ ಟ್ಯೂಬಿನ ರಕ್ತವನ್ನು ಒಂದೇ ಮಷಿನ್‌ನಲ್ಲಿ ಎರಡು ಸಲ ಹಾಕಿದರೂ ಅಷ್ಟು ಆಚೆ ಈಚೆ ಬರುತ್ತದೆ, ಅದೂ ಲೆಕ್ಕ ಇಷ್ಟು ಕೆಳಗಿದ್ದಾಗ. 42 ಮತ್ತು 38 ಲ್ಯಾಬಿನವರ ಕಣ್ಣಿಗೆ ಒಂದೇ ಸಂಖ್ಯೆ.

ಇನ್ನೊಂದು ಸಂಗತಿ ಕೇಳು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಅಂತ ಒಂದು ವಸ್ತು ಇರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ. ಕೆಲವರ ರಕ್ತದಲ್ಲಿ ಅದರಿಂದಲೇ ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಳ್ಳುತ್ತವೆ. ಮಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದೇ ಇಲ್ಲ. ರಿಪೋರ್ಟಿನಲ್ಲಿ ಸುಳ್ಳು ಕೊರತೆ ಬರುತ್ತದೆ. ಸಂಶಯ ಬಂದರೆ ನಾವು ಸ್ಲೈಡ್ ನೋಡುತ್ತೇವೆ. ಎಣ್ಣೆ ಹಾಕಿ ನೋಡುವ ದೊಡ್ಡ ಲೆನ್ಸಿನಲ್ಲಿ, ಒಂದು ಸಲಕ್ಕೆ ಕಾಣುವ ಜಾಗದಲ್ಲಿ ಒಂದು ಪ್ಲೇಟ್‌ಲೆಟ್ ಇದ್ದರೆ ಸುಮಾರು 15ರಿಂದ 20 ಸಾವಿರ ಅಂತ ಲೆಕ್ಕ. ಹಾಗೆ ಹತ್ತು ಜಾಗ ನೋಡಿ ಸರಾಸರಿ ತೆಗೆಯುವುದು. ಆಗಲೂ ಅನುಮಾನ ಉಳಿದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಯುವುದು. ನಿನ್ನ ತಮ್ಮನಿಗೆ ನಿಜವಾಗಿಯೂ ಕಡಿಮೆ ಇರುವ ಸಾಧ್ಯತೆಯೇ ಜಾಸ್ತಿ. ಆದರೂ "ಸ್ಲೈಡಿನಲ್ಲಿ ನೋಡಿ ಹೇಳಿದ್ದಾ, ಮಷಿನ್ ಲೆಕ್ಕವಾ?" ಅಂತ ಕೇಳು. ಕೇಳುವುದಕ್ಕೆ ದುಡ್ಡಿಲ್ಲ.

ರಕ್ತ ಕೊಡಬೇಕಾ ಬೇಡವಾ ಅಂತ ನಾನು ಹೇಳಬಾರದು, ಅದು ಡಾಕ್ಟರ ಮಾತು. ಇಲ್ಲಿ ಯಾರಾದರೂ ಡಾಕ್ಟರು ಇದ್ದರೆ ಹೇಳುತ್ತಾರೆ. ನಾನು ಕೇಳುವುದು ಬೇರೆ. ಮಲೇರಿಯಾ ಮತ್ತೆ ಮರಳದ ಹಾಗೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಿದ್ದಾರಾ?

ಬಾದಾಮಿ ಹುಡುಗ:

ಅಕ್ಕಾ, ಬಹಳ ಉಪಕಾರ ಆಯಿತು. ಎಂಪಿವಿ 12.4 ಅಂತ ಇದೆ, ಪಕ್ಕದಲ್ಲಿ ಮೇಲಕ್ಕೆ ಬಾಣದ ಗುರುತು ಹಾಕಿದ್ದಾರೆ. ಮೈಮೇಲೆ ಕೆಂಪು ಚುಕ್ಕೆ ಇಲ್ಲ. ವಸಡು, ಮೂಗು ಎಲ್ಲಾ ಸರಿ ಇದೆ. ಮಾತು ಸರಿಯಾಗಿ ಆಡುತ್ತಾನೆ, ಗಂಜಿ ಕುಡಿದ. ಪ್ರೈಮಾಕ್ವಿನ್ ಇನ್ನೂ ಕೊಟ್ಟಿಲ್ಲ. ಜಿ6ಪಿಡಿ ಅಂತ ಏನೋ ಟೆಸ್ಟ್ ಬರಲಿ ಅಂದರು. ನರ್ಸಿಂಗ್ ಹೋಮಿನವರು ಇವತ್ತು ಸಂಜೆಯೊಳಗೆ ಹೇಳಿ ಅಂತ ಕೂತಿದ್ದಾರೆ. ಸೈಟಿನಲ್ಲಿ ಅದೇ ಗುಂಪಿನ ರಕ್ತದವರು ನಾಲ್ಕು ಮಂದಿ ತಯಾರಾಗಿ ನಿಂತಿದ್ದಾರೆ.

ವಾರ್ಡ್ ಡ್ಯೂಟಿ (ಕಲಬುರಗಿ):

ನಾನು ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿರುವ ಡಾಕ್ಟರ್. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ, ಆದರೆ ಪದ್ಧತಿ ಏನು ಅಂತ ಹೇಳಬಹುದು.

ರಕ್ತಸ್ರಾವ ಇಲ್ಲದ ಮಲೇರಿಯಾ ರೋಗಿಗೆ 38 ಸಾವಿರ ಇದೆ ಅನ್ನುವ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಹೋದರೆ, ಅಥವಾ ಎಷ್ಟೇ ಇದ್ದರೂ ರಕ್ತಸ್ರಾವ ಶುರುವಾದರೆ ಯೋಚಿಸುತ್ತೇವೆ. ಜ್ವರ ತೀವ್ರವಾಗಿದ್ದರೆ ಕೆಲವರು 20 ಸಾವಿರವನ್ನೇ ಗಡಿ ಅಂತ ಇಟ್ಟುಕೊಳ್ಳುತ್ತಾರೆ. ಹಾಕಿದ ಪ್ಲೇಟ್‌ಲೆಟ್ ಕೂಡ ಅದೇ ಊದಿದ ಸ್ಪ್ಲೀನ್‌ಗೆ ಹೋಗುತ್ತದೆ, ಅವೇ ಪ್ರತಿಕಾಯಗಳಿಗೆ ಸಿಗುತ್ತದೆ. ಹಾಗಾಗಿ ಏರಿದ್ದು ನಿಲ್ಲುವುದೂ ಇಲ್ಲ. ಪರಾವಲಂಬಿ ಸತ್ತರೆ ಲೆಕ್ಕ ತಾನಾಗಿ ಏರುತ್ತದೆ. ಮಾತ್ರೆ ಶುರುವಾದ ಮೊದಲ ಒಂದೆರಡು ದಿನ ಸ್ವಲ್ಪ ಇಳಿಯಬಹುದು. ಮೂರು ನಾಲ್ಕನೇ ದಿನದಿಂದ ಏರಲು ಶುರುವಾಗುತ್ತದೆ, ಹೆಚ್ಚಿನವರಿಗೆ ವಾರದ ಹೊತ್ತಿಗೆ ಲಕ್ಷ ದಾಟುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಮಲೇರಿಯಾ ಅಂತ ಯಾವುದನ್ನು ಕರೆಯಬೇಕು ಅಂತ ಪಟ್ಟಿ ಮಾಡಿದೆ. ಅದರಲ್ಲಿ ರಕ್ತಸ್ರಾವ ಇದೆ, ಪ್ಲೇಟ್‌ಲೆಟ್ ಸಂಖ್ಯೆ ಇಲ್ಲ. ನೀವು ಕಣ್ಣಿಡಬೇಕಾದದ್ದು ಇವುಗಳ ಮೇಲೆ: ಅರ್ಥವಿಲ್ಲದ ಮಾತು ಅಥವಾ ವಿಪರೀತ ಮಂಪರು, ಫಿಟ್ಸ್, ಏದುಸಿರು, ಕಣ್ಣು ಹಳದಿ, ಮೂತ್ರ ಕಡಿಮೆ, ಎದ್ದು ಕೂರಲೂ ಆಗದಷ್ಟು ನಿಶ್ಶಕ್ತಿ, ಎಲ್ಲಿಂದಾದರೂ ರಕ್ತ, ಕಪ್ಪು ಮಲ. ಮಾತ್ರೆ ನುಂಗಿದ್ದೆಲ್ಲ ವಾಂತಿಯಾಗುತ್ತಿದ್ದರೂ ಆಸ್ಪತ್ರೆಗೆ ಹೋಗಿ. ಇವುಗಳಲ್ಲಿ ಒಂದು ಕಂಡರೂ ಪ್ಲೇಟ್‌ಲೆಟ್ ಎರಡು ಲಕ್ಷ ಇದ್ದರೂ ತುರ್ತು. ಅಡ್ಮಿಟ್ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸೈಟಿನ ಶೆಡ್ಡಿನಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಎರಡು ದಿನ ವಾರ್ಡಿನಲ್ಲಿ ಇರುವುದೇ ಒಳ್ಳೆಯದು. ಮೊದಲು ನೋಡಿದ ಸರಕಾರಿ ಆಸ್ಪತ್ರೆಗೇ ವಾಪಸ್ ಕರೆದುಕೊಂಡು ಹೋಗಿ, ಈ ರಿಪೋರ್ಟ್ ತೋರಿಸಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ಅವು ಪ್ಲೇಟ್‌ಲೆಟ್‌ನ ಕೆಲಸ ಕೆಡಿಸುತ್ತವೆ. ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಲೇಬೇಡಿ, ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಅಲ್ಲಿ ರಕ್ತ ಕಟ್ಟಿಕೊಳ್ಳಬಹುದು.

ಡೆಂಗಿ ವಿಚಾರ. ಎನ್‌ಎಸ್1 ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲವೇ ಇಲ್ಲ ಅನ್ನಲಾಗದು. ಐದನೇ ದಿನದ ಹೊತ್ತಿಗೆ ಐಜಿಎಂ ಅನ್ನುವ ಪ್ರತಿಕಾಯದ ಟೆಸ್ಟ್ ಕೂಡ ನೋಡಬೇಕು. ಡೆಂಗಿ, ಮಲೇರಿಯಾ ಎರಡೂ ಒಟ್ಟಿಗೆ ಬರುವುದುಂಟು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ ಪ್ಲೇಟ್‌ಲೆಟ್ ತಳ ಮುಟ್ಟುತ್ತದೆ, ರಕ್ತ ದಪ್ಪವಾಗಿ ಹಿಮೆಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಏರುತ್ತದೆ. ಮಲೇರಿಯಾದಲ್ಲಿ ನಡುಕ ಜ್ವರ ಜೋರಾಗಿರುವಾಗಲೇ ಪ್ಲೇಟ್‌ಲೆಟ್ ಬಿದ್ದಿರುತ್ತದೆ. ಕರಾವಳಿಯಲ್ಲಿ ಇಲಿಜ್ವರವನ್ನೂ ಮರೆಯಬಾರದು. ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಮೀನಖಂಡ ವಿಪರೀತ ನೋಯುತ್ತದೆ. ನಿಂತ ನೀರಿನಲ್ಲಿ ಕೆಲಸ ಮಾಡುವವರಲ್ಲಿ ನಾವು ಅದನ್ನೂ ಕೇಳುತ್ತೇವೆ.

ಹಸಿರು ಮನೆ:

ಇಂಗ್ಲಿಷ್ ಮದ್ದಿನವರಿಗೆ ನಮ್ಮ ಗಿಡಮೂಲಿಕೆ ಅಂದರೆ ಆಗುವುದಿಲ್ಲ. ಅತ್ತೆಗೆ ರಸ ಕೊಟ್ಟ ಮೂರನೇ ದಿನಕ್ಕೆ 50ರಿಂದ 90 ಸಾವಿರಕ್ಕೆ ಬಂತು. ಕಣ್ಣಾರೆ ನೋಡಿದ್ದೇನೆ.

ಸ್ಲೈಡ್ ಅಕ್ಕ:

ನೀವು ನೋಡಿದ್ದು ನಿಜವೇ ಇರಬಹುದು, ಅದರಲ್ಲಿ ತಕರಾರಿಲ್ಲ. ಆದರೆ ಅತ್ತೆಯವರು ಮಲೇರಿಯಾ ಮಾತ್ರೆಯನ್ನೂ ತೆಗೆದುಕೊಂಡಿದ್ದರು ಅಲ್ವಾ? ಮೂರನೇ ದಿನಕ್ಕೆ ಏರುವುದು ರಸ ಕುಡಿಯದವರಿಗೂ ಏರುತ್ತದೆ. ನಾನು ನೋಡಿದ ಎಣಿಕೆ ಪುಸ್ತಕಗಳಲ್ಲಿ ಎಲ್ಲಾ ಅದೇ ಕಥೆ. ಪಪ್ಪಾಯಿ ಎಲೆ ಬಗ್ಗೆ ಸಣ್ಣಪುಟ್ಟ ಪ್ರಯೋಗ ನಡೆದದ್ದು ಡೆಂಗಿಯಲ್ಲಿ. ಈ ಹುಡುಗನಿಗೆ ಈಗ ಮುಖ್ಯ, ಹೊಟ್ಟೆಯಲ್ಲಿ ಮಾತ್ರೆ ನಿಲ್ಲಬೇಕು. ಕ್ಲೋರೋಕ್ವಿನ್ ಮೊದಲೇ ವಾಕರಿಕೆ ತರಿಸುತ್ತದೆ. ಅದರ ಮೇಲೆ ಆ ಕಹಿ ರಸ ಕುಡಿಸಿ ಎಲ್ಲಾ ವಾಂತಿಯಾದರೆ ಮಾತ್ರೆಯೂ ಹೋಯಿತು.

ಜೋಕಟ್ಟೆ ರಿಕ್ಷಾ:

ನನಗೂ ಮಲೇರಿಯಾ ಬಂದಿತ್ತು. ಆಗ 29 ಸಾವಿರಕ್ಕೆ ಇಳಿದಿತ್ತು, ಏನೂ ರಕ್ತ ಹಾಕಲಿಲ್ಲ, ಸರಿಯಾಯಿತು. ಆದರೆ ಎರಡು ತಿಂಗಳ ಮೇಲೆ ಮತ್ತೆ ಬಂತು. ಹೊಸ ಸೊಳ್ಳೆ ಕಚ್ಚಿದ್ದಾ, ಹಳೆಯದೇ ಎದ್ದದ್ದಾ ಅಂತ ಡಾಕ್ಟರಿಗೂ ಹೇಳಲಿಕ್ಕೆ ಆಗಲಿಲ್ಲ.

ಸ್ಲೈಡ್ ಅಕ್ಕ:

ಇದಕ್ಕೇ ನಾನು ಪ್ರೈಮಾಕ್ವಿನ್ ಕೇಳಿದ್ದು. ವೈವಾಕ್ಸ್ ಪರಾವಲಂಬಿ ರಕ್ತದಲ್ಲಿ ಇರುವುದು ಒಂದು ಪಾಲು, ಲಿವರಿನಲ್ಲಿ ಮಲಗಿರುವುದು ಇನ್ನೊಂದು ಪಾಲು. ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ದೊಡ್ಡವರಿಗೆ ಮೂರು ದಿನ, 4, 4, 2 ಮಾತ್ರೆ. ಜ್ವರ ಬಿಡುತ್ತದೆ, ಪ್ಲೇಟ್‌ಲೆಟ್ ಏರುತ್ತದೆ, ಎಲ್ಲರೂ ಖುಷಿ. ಲಿವರಿನಲ್ಲಿ ಮಲಗಿದ್ದಕ್ಕೆ ಅದು ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು 14 ದಿನದ ಪ್ರೈಮಾಕ್ವಿನ್. ಜನ ಪ್ಲೇಟ್‌ಲೆಟ್ ಲಕ್ಷ ದಾಟಿದ ರಿಪೋರ್ಟ್ ಕೈಗೆ ಬಂದ ಕೂಡಲೇ ಕೆಲಸಕ್ಕೆ ಹೋಗುತ್ತಾರೆ, ಮಾತ್ರೆ ಚೀಟಿ ಶೆಡ್ಡಿನಲ್ಲೇ ಉಳಿಯುತ್ತದೆ. ಪ್ಲೇಟ್‌ಲೆಟ್ ಎಣಿಸಲು ದಿನಕ್ಕೆರಡು ಸಲ ರಕ್ತ ಕೊಡಲು ತಯಾರಿರುವವರು 14 ದಿನ ಒಂದು ಸಣ್ಣ ಮಾತ್ರೆ ನುಂಗಲು ಬೇಸರ ಪಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಜಿ6ಪಿಡಿ ಟೆಸ್ಟ್ ಮಾಡಿಸಿದ್ದು ಸರಿಯಾದ ಕ್ರಮ. ಜಿ6ಪಿಡಿ ಕೆಂಪು ರಕ್ತಕಣದಲ್ಲಿರುವ ಒಂದು ಕಿಣ್ವ. ಅದು ಹುಟ್ಟಿನಿಂದಲೇ ಕಡಿಮೆ ಇದ್ದವರಿಗೆ ಪ್ರೈಮಾಕ್ವಿನ್‌ನಿಂದ ಕೆಂಪು ರಕ್ತಕಣ ಒಡೆಯುತ್ತದೆ. ರಿಪೋರ್ಟ್ ಸರಿ ಬಂದು ಮಾತ್ರೆ ಶುರು ಮಾಡಿದ ಮೇಲೂ ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. ಊಟದ ಮೇಲೆ ಕೊಡು, ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ಹಿಂಡುತ್ತದೆ. ಬಸುರಿಯರಿಗೆ ಇದು ಕೊಡುವುದಿಲ್ಲ, ಸೈಟಿನಲ್ಲಿ ಮಾತ್ರೆ ಹಂಚಿಕೊಳ್ಳುವ ಅಭ್ಯಾಸ ಇರುವುದರಿಂದ ಹೇಳುತ್ತಿದ್ದೇನೆ.

ವಾರ್ಡ್ ಡ್ಯೂಟಿ (ಕಲಬುರಗಿ):

ಅಕ್ಕ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಒಂದು ಮಾತು ಸೇರಿಸುತ್ತೇನೆ, ಆಸಕ್ತಿ ಇದ್ದವರಿಗೆ. ಪ್ಲೇಟ್‌ಲೆಟ್ ಇಲ್ಲಿ ಬರೀ ಪೆಟ್ಟು ತಿನ್ನುವುದಲ್ಲ, ಹೋರಾಡುತ್ತದೆ ಕೂಡ. ಪರಾವಲಂಬಿ ಹೊಕ್ಕ ಕೆಂಪು ಕಣಕ್ಕೆ ಅಂಟಿಕೊಂಡು, ಒಳಗಿರುವುದನ್ನು ಕೊಲ್ಲುತ್ತದೆ ಅಂತ 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಪ್ಲೇಟ್‌ಲೆಟ್‌ನಿಂದ ಹೊರಬರುವ ಪಿಎಫ್4 ಅನ್ನುವ ಪ್ರೋಟೀನ್ ಆ ಕೆಲಸ ಮಾಡುತ್ತದೆ. ಅದು ಕೆಂಪು ಕಣದೊಳಗೆ ಹೋಗಲು ಬೇಕಾದದ್ದು ಡಫಿ ಅನ್ನುವ ಪ್ರೋಟೀನ್. ತಮಾಷೆ ನೋಡಿ, ವೈವಾಕ್ಸ್ ಒಳಗೆ ಹೋಗುವುದೂ ಅದೇ ಡಫಿ ಬಾಗಿಲಿಂದ. 2018ರಲ್ಲಿ ಇಂಡೋನೇಷ್ಯಾದ ಪಪುವಾ ಪ್ರಾಂತ್ಯದ ರೋಗಿಗಳ ರಕ್ತದಲ್ಲೂ ಇದನ್ನು ಕಂಡರು. ಹಾಗೆ ಕಣಗಳಿಗೆ ಅಂಟಿಕೊಂಡು ಖರ್ಚಾಗುವುದೂ ಲೆಕ್ಕ ಇಳಿಯಲು ಒಂದು ಕಾರಣ.

ಪೂರ್ತಿ ಹೊಗಳುವುದಕ್ಕೂ ಆಗುವುದಿಲ್ಲ. ಫಾಲ್ಸಿಪಾರಂ ಅನ್ನುವ ಇನ್ನೊಂದು ಜಾತಿಯ ಮಲೇರಿಯಾ ಮಿದುಳಿಗೆ ಏರಿ ತೀರಿಕೊಂಡ ಮಲಾವಿ ದೇಶದ ಮಕ್ಕಳಲ್ಲಿ, ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಪ್ಲೇಟ್‌ಲೆಟ್ ಶೇಖರವಾಗಿದ್ದು ಕಂಡಿದೆ. ಅಲ್ಲಿ ಅವು ರೋಗದ ಕಡೆ ನಿಂತ ಹಾಗೆ. ಹೀಗಿರುವಾಗ ಕಣ್ಣು ಮುಚ್ಚಿ ಪ್ಲೇಟ್‌ಲೆಟ್ ಹಾಕುವುದು ಬುದ್ಧಿವಂತಿಕೆ ಅಂತ ನನಗೆ ಅನ್ನಿಸುವುದಿಲ್ಲ.

ಬಾದಾಮಿ ಹುಡುಗ:

ಸರಕಾರಿ ಆಸ್ಪತ್ರೆಗೇ ವಾಪಸ್ ಬಂದೆವು. ಅಡ್ಮಿಟ್ ಮಾಡಿಕೊಂಡರು, ರಕ್ತ ಹಾಕಲಿಲ್ಲ. ಸ್ಲೈಡ್ ಮತ್ತೆ ನೋಡಿದರು, ವೈವಾಕ್ಸ್ ಮಾತ್ರ, ಫಾಲ್ಸಿಪಾರಂ ಇಲ್ಲ ಅಂದರು. ಡೆಂಗಿ ಐಜಿಎಂ ನೆಗೆಟಿವ್. ಇವತ್ತು ಬೆಳಿಗ್ಗೆ ಪ್ಲೇಟ್‌ಲೆಟ್ 61,000. ನಿನ್ನೆ ಸಂಜೆ ನಡುಕ ಬರಲಿಲ್ಲ. ಜಿ6ಪಿಡಿ ಸರಿ ಇದೆ, ಪ್ರೈಮಾಕ್ವಿನ್ ಕೊಟ್ಟರು. 14 ದಿನದ್ದೂ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ಅವನ ಕೈಗೆ ಕೊಟ್ಟಿಲ್ಲ.

ಇನ್ನೊಂದು ಕೇಳಬೇಕಿತ್ತು. ಸೈಟಿನಲ್ಲಿ ಇನ್ನೂ ಇಬ್ಬರಿಗೆ ಜ್ವರ. ಎಲ್ಲರಿಗೂ ಪ್ಲೇಟ್‌ಲೆಟ್ ಟೆಸ್ಟ್ ಮಾಡಿಸಬೇಕಾ?

ಸ್ಲೈಡ್ ಅಕ್ಕ:

ಪ್ಲೇಟ್‌ಲೆಟ್ ಅಲ್ಲ ತಮ್ಮಾ, ಮಲೇರಿಯಾ ಟೆಸ್ಟ್. ಜ್ವರ ಇದ್ದವರಿಗೆಲ್ಲ ಇವತ್ತೇ. ಬೆರಳು ಚುಚ್ಚಿ ಸ್ಲೈಡ್ ಮಾಡುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಇಲ್ಲ. ಒಂದು ಸಲ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಮಾರನೇ ದಿನ ಮತ್ತೆ ಮಾಡಿಸು, ಪರಾವಲಂಬಿ ಕಡಿಮೆ ಇದ್ದಾಗ ಮೊದಲ ಸ್ಲೈಡಿನಲ್ಲಿ ತಪ್ಪಿಹೋಗುತ್ತದೆ.

ಆಮೇಲೆ ನೀನು ಸೂಪರ್‌ವೈಸರ್ ಅಂದೆಯಲ್ಲ. ಸ್ಲ್ಯಾಬಿಗೆ ಕ್ಯೂರಿಂಗ್ ಮಾಡಲು ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೀರಿ, ಲಿಫ್ಟಿನ ಗುಂಡಿಯಲ್ಲಿ ನೀರು, ಸಿಮೆಂಟ್ ಕಲಸುವ ಡ್ರಮ್ಮಿನಲ್ಲಿ ನೀರು. ನಮ್ಮ ಊರಿನ ಮಲೇರಿಯಾ ಸೊಳ್ಳೆ ಕೊಳಚೆಗೆ ಹೋಗುವುದಕ್ಕಿಂತ ಇಂಥ ಚೊಕ್ಕ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಹತ್ತಿರ ಹತ್ತಿರ ವಾರ ಹತ್ತು ದಿನ ಬೇಕು. ಅದಕ್ಕೆ ವಾರಕ್ಕೊಮ್ಮೆ ಎಲ್ಲಾ ನೀರು ಚೆಲ್ಲಿ ಒಣಗಿಸಿದರೆ ಸರಪಳಿ ಕಡಿಯುತ್ತದೆ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಬಂಗಲೆಯ ಹತ್ತಿರದ ನೀರಿನ ತೊಟ್ಟಿಯಲ್ಲೇ ಸೊಳ್ಳೆ ಹುಟ್ಟುವುದನ್ನು ಕಂಡು ಅದನ್ನು ಮಗುಚಿ ಹಾಕಿದ ಮನುಷ್ಯ ಅವನು.

ಮಲಗುವ ಶೆಡ್ಡಿಗೆ ಸೊಳ್ಳೆಪರದೆ ಕಟ್ಟಿಸು, ಈ ಸೊಳ್ಳೆ ಕಚ್ಚುವುದು ರಾತ್ರಿ. ಕಂಟ್ರಾಕ್ಟರ್ ದುಡ್ಡು ಕೊಡುವುದಿಲ್ಲ ಅಂದರೆ ನಗರಪಾಲಿಕೆಯ ಮಲೇರಿಯಾ ವಿಭಾಗಕ್ಕೆ ಹೇಳು, ಅವರು ಬಂದು ಸೈಟ್ ನೋಡುತ್ತಾರೆ. ತಮ್ಮನಿಗೆ ಪ್ಲೇಟ್‌ಲೆಟ್ ದಿನಾ ಎಣಿಸುವುದು ಇನ್ನು ಸಾಕು. ಡಿಸ್ಚಾರ್ಜ್ ಆದ ಮೇಲೆ ಒಂದು ಸಲ ನೋಡಿಸು. ಆಗ ಸ್ಲೈಡೂ ಮಾಡಿಸು.